ಇಲ್ಲದ ಸೂತಕ

ಆ ದಿನ ನಮ್ಮ ಕುಟುಂಬದಲ್ಲಿ ಯಾರೂ ತೀರಿಕೊಂಡಿರಲಿಲ್ಲ. ಆದರೂ ಬಾಗಿಲಿಗೆ ಬಂದ ಮನುಷ್ಯನಿಗೆ ನಾನು, "ನಮಗೆ ಸೂತಕ ಉಂಟು" ಎಂದೆ. ಆ ಒಂದು ಮಾತಿನಿಂದ ನಿಮ್ಮ ವಸಂತಜ್ಜನ ದಾರಿ ಮುಚ್ಚಿಹೋಯಿತು. ಮಕ್ಕಳೇ, ಇದನ್ನು ನಿಮ್ಮ ಅಜ್ಜನಿಗೂ ನಾನು ಹೇಳಲಿಲ್ಲ. ಅವರು ಹೋದರು. ಹೇಳದೆ ನಾನೂ ಹೋದರೆ —

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಕಡಿಯಾಳಿಯ ಬಾಡಿಗೆ ಮನೆಯಲ್ಲಿದ್ದೆವು. ನಿಮ್ಮ ಅಜ್ಜ ಬೊಂಬಾಯಿಯ ಹೋಟೆಲಿನಲ್ಲಿ, ವರ್ಷಕ್ಕೊಮ್ಮೆ ಬರುವುದು. ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ನನ್ನ ಅತ್ತೆ, ಅಂಬೆಗಾಲಿಡುವ ನಿಮ್ಮ ಅಪ್ಪ, ನಾನು, ಮತ್ತು ಕಾಲೇಜಿಗೆ ಹೋಗುವ ಮೈದುನ ವಸಂತ.

ಅವನು ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದ. ತನ್ನನ್ನು ಗಾರ್ಡ್ ಮಾಡಿದ್ದಾರೆ ಎಂದು ಬಂದು ಹೇಳಿದಾಗ ಅತ್ತೆ ಮಲಗಿದಲ್ಲಿಂದಲೇ, "ಓದಲಿಕ್ಕೆ ಹೋದವನು ಕಾವಲಿಗೆ ನಿಂತೆಯಾ ಮಾರಾಯ? ಯಾವ ಬ್ಯಾಂಕಿಗೆ?" ಎಂದರು.

"ಬ್ಯಾಂಕಿಗಲ್ಲ ಅಮ್ಮ, ಬುಟ್ಟಿಗೆ. ಅದೂ ತಳ ಇಲ್ಲದ ಬುಟ್ಟಿ!"

ಚೆಂಡನ್ನು ನೆಲಕ್ಕೆ ಬಡಿಯುತ್ತಾ ಮುಂದೆ ತರುವುದು, ಯಾರಿಗೆ ಕೊಡಬೇಕೆಂದು ನೋಡಿ ಕೊಡುವುದು — ಅದು ಗಾರ್ಡಿನ ಕೆಲಸವಂತೆ. ಮೊದಲ ವರ್ಷ ಅವನಿಂದ ಅದು ಆಗಲೇ ಇಲ್ಲ. "ಚೆಂಡು ನೋಡಿದರೆ ಜನ ಕಾಣುವುದಿಲ್ಲ ಅತ್ತಿಗೆ, ಜನ ನೋಡಿದರೆ ಚೆಂಡೇ ಇರುವುದಿಲ್ಲ" ಎಂದು ತರಚಿದ ಮೊಣಕಾಲು ತೊಳೆಯುತ್ತಾ ಹೇಳುತ್ತಿದ್ದ. ನಾನು ಸೆಗಣಿ ಸಾರಿಸಿದ ಅಂಗಳದಲ್ಲೇ ಅಭ್ಯಾಸ. ನೆಲದ ತುಂಬ ದುಂಡು ದುಂಡು ಗುರುತು. ಬೈಯುತ್ತಿದ್ದೆ. ಆದರೂ ಬಾಗಿಲಲ್ಲಿ ನಿಂತು ಬೆರಳು ಎತ್ತಿ ತೋರಿಸುತ್ತಿದ್ದವಳು ನಾನೇ. ಚೆಂಡು ಬಡಿಯುತ್ತಲೇ ನನ್ನ ಕಡೆ ನೋಡಿ ಎಷ್ಟು ಬೆರಳೆಂದು ಅವನು ಹೇಳಬೇಕು. ಎರಡನೆಯ ವರ್ಷಕ್ಕೆ ನೆಲ ನೋಡುವುದು ಬಿಟ್ಟ.

ಆಮೇಲೆ ಎಡಗೈ. ಬಾವಿಯಿಂದ ನೀರು ಸೇದುವಾಗ ಎಡಗೈಗೇ ಹೆಚ್ಚು ಭಾರ, ನನ್ನ ಅರೆಯುವ ಕಲ್ಲು ತಿರುಗಿಸಲಿಕ್ಕೂ ಎಡಗೈ. ಒಮ್ಮೆ ಮರೆತು ಅತ್ತೆಯ ಬಾಯಿಗೆ ಗಂಜಿಯನ್ನೂ ಎಡಗೈಯಲ್ಲಿ ಕೊಡಲು ಹೋಗಿ, "ಚೀ! ನಾನಿನ್ನೂ ಸತ್ತಿಲ್ಲ!" ಎಂದು ಬೈಸಿಕೊಂಡ.

ಮೂರನೆಯ ವರ್ಷದ ಬೇಸಿಗೆಗೆ ಮುಂಚೆ ಮಣಿಪಾಲದಲ್ಲಿ ಪಂದ್ಯ. ಮಗುವನ್ನು ಸೊಂಟದಲ್ಲಿ ಹೊತ್ತು ನಾನೂ ಹೋದೆ. ನನಗೆ ಆಟ ತಿಳಿಯದು. ಆದರೆ ಎದುರಿನ ಇಬ್ಬರು ಅವನ ಬಲಗಡೆ ಕಾದು ನಿಂತಾಗ ಅವನು ಎಡಗೈಯಲ್ಲಿ ಚೆಂಡು ಬಡಿಯುತ್ತಾ, ತಲೆ ಎತ್ತಿ, ಎಡಗಡೆಯಿಂದ ದಾಟಿಹೋದದ್ದು — ಅದು ನನಗೂ ತಿಳಿಯಿತು. ಬದಿಯಲ್ಲಿ ಬಿಳಿ ಟೊಪ್ಪಿಯ ಒಬ್ಬರು ಅವನನ್ನೇ ನೋಡುತ್ತಿದ್ದರು.

ಕೆಲವು ದಿನ ಕಳೆದು ಅವರೇ ನಮ್ಮ ಮನೆಗೆ ಬಂದರು. ಉರಿಬಿಸಿಲು. ವಸಂತ ಕಾಪುವಿಗೆ, ಅಮ್ಮನ ಕೈಕಾಲಿಗೆ ತಿಕ್ಕುವ ಔಷಧಿ ಎಣ್ಣೆ ತರಲು ಹೋಗಿದ್ದ. ಅವರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಇಟ್ಟೆ.

"ಸೋಮವಾರ ಮಂಗಳೂರಿನ ಮೈದಾನಕ್ಕೆ ಬರಲಿ. ಒಂದು ಬ್ಯಾಂಕಿನ ತಂಡಕ್ಕೆ ಹುಡುಗರನ್ನು ಆರಿಸುತ್ತಿದ್ದೇವೆ. ಆಡಿದರೆ ಕೆಲಸವೂ ಉಂಟು. ಆದರೆ ಊರು ಬಿಡಬೇಕಾಗುತ್ತದೆ, ಅಮ್ಮ."

ಊರು ಬಿಡಬೇಕು — ಅಷ್ಟೇ ನನ್ನ ಕಿವಿಗೆ ಬಿದ್ದದ್ದು. ಒಳಗೆ ಅತ್ತೆ ನರಳಿದರು. ಅವರನ್ನು ಎತ್ತಿ ಕೂರಿಸುವವನು ವಸಂತ. ಅವನು ಹೋದರೆ ನಾನೊಬ್ಬಳೇ —

"ಅವನು ಬರುವ ಹಾಗಿಲ್ಲ. ನಮಗೆ ಸೂತಕ ಉಂಟು."

ಅವರು ನೀರಿನ ಲೋಟವನ್ನು ತುಟಿಯ ಹತ್ತಿರ ಎತ್ತಿದ್ದರು. ಹಾಗೆಯೇ ಕೆಳಗಿಟ್ಟರು. "ಮೊದಲೇ ಹೇಳಬಾರದಾ ಅಮ್ಮ" ಎಂದರು, ಸಿಟ್ಟಿನಿಂದಲ್ಲ. ಯಾರು ತೀರಿಕೊಂಡರೆಂದು ಕೇಳಲೂ ಇಲ್ಲ. ಕುಟುಂಬದಲ್ಲಿ ಎಲ್ಲಿಯೋ ಯಾರೋ ಹೋದರೂ ನಮಗೆಲ್ಲ ಸೂತಕ. ಆ ದಿನಗಳಲ್ಲಿ ಹೊರಗಿನ ಕಾರ್ಯಕ್ಕೆ ಹೋಗುವುದಿಲ್ಲ, ಆ ಮನೆಯ ನೀರನ್ನು ಬೇರೆಯವರು ಕುಡಿಯುವುದಿಲ್ಲ. ಈ ಊರಿನಲ್ಲಿ ಅದರ ಮೇಲೆ ಮಾತಿಲ್ಲ. ಅದು ಗೊತ್ತಿದ್ದೇ ನಾನು ಆ ಶಬ್ದ ಆರಿಸಿದೆ. ಬಾಯಿ ತಪ್ಪಿ ಬಂದದ್ದಲ್ಲ. ಬಾಯಾರಿದ ಮನುಷ್ಯ ಬಿಸಿಲಿಗೆ ಇಳಿದು ಹೋದರು, ನಾನು ಕರೆಯಲಿಲ್ಲ.

ಕಷ್ಟವಿತ್ತು, ನಿಜ. ಆದರೆ ಕಾರ್ಕಳದ ನನ್ನ ತಂಗಿ ಬಂದು ಇರುತ್ತೇನೆ ಎಂದಿದ್ದಳು. ಅವಳ ಬಾಯಿ ಜೋರು, ನನಗೆ ಬೇಡವಾಗಿತ್ತು. ವಸಂತ ಎದುರಾಡುವವನಲ್ಲ. ಅದಕ್ಕೇ — ಅವನೇ ಇರಲಿ ಎಂದುಕೊಂಡೆ.

ಅವನು ಕಾದ. ಪಂದ್ಯದ ದಿನ ಟೊಪ್ಪಿಯವರು ತನ್ನ ಹೆಸರು, ವಿಳಾಸ ಕೇಳಿಕೊಂಡು ಹೋದದ್ದು ಅವನಿಗೆ ಗೊತ್ತಿತ್ತು. ಗೇಟು ಸದ್ದಾದರೆ ಊಟದ ನಡುವೆ ತಲೆ ಎತ್ತುತ್ತಿದ್ದ. ಸೋಮವಾರ ಬಂತು, ಹೋಯಿತು. ಕೊನೆಗೆ ಕಾಲೇಜಿನ ಆಟದ ಮಾಸ್ಟ್ರು ಹೇಳಿದರಂತೆ, "ಕರೆ ಬರಲಿಲ್ಲವಾ? ಹಾಗಾದರೆ ನಿನ್ನ ಎಡಗೈ ಇನ್ನೂ ಸಾಲದು."

ಅವನು ಅದನ್ನು ನಂಬಿದ. ಮರುದಿನವೇ ಬಲಗೈಯನ್ನು ಬೆನ್ನ ಹಿಂದೆ ಮೈ ಒರೆಸುವ ಬೈರಾಸಿನಿಂದ ಕಟ್ಟಿಕೊಂಡು ಅಂಗಳಕ್ಕಿಳಿದು, "ಅತ್ತಿಗೆ, ಬೆರಳು ತೋರಿಸಿ" ಎಂದ. ನಾನು ತೋರಿಸಿದೆ. ಸಾಲದ್ದು ನಿನ್ನ ಕೈಯಲ್ಲ ಎಂದು ಹೇಳಲು ಆಗಲೂ ಆಗುತ್ತಿತ್ತು. ಆಮೇಲೆಯೂ ಎಷ್ಟೋ ಸಂಜೆ... ಅವನ ಆಟ ಚೆನ್ನಾದಷ್ಟೂ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕಾಲೇಜಿನ ಕೊನೆಯ ತಿಂಗಳುಗಳಲ್ಲಿ ಅವನನ್ನು ತಡೆಯುವವರೇ ಇರಲಿಲ್ಲ ಎಂದು ಜೊತೆಯ ಹುಡುಗರು ಹೇಳುತ್ತಿದ್ದರು. ನೋಡಲಿಕ್ಕೆ ಯಾರೂ ಬರಲಿಲ್ಲ. ಓದು ಮುಗಿಯಿತು. ಬಜಗೋಳಿಯ ಕಡೆ ಶಾಲೆಯಲ್ಲಿ ಕೆಲಸವಾಯಿತು. ಅತ್ತೆ ತೀರಿಕೊಳ್ಳುವವರೆಗೂ ಅವನು ದಿನವೂ ಮನೆಯಿಂದಲೇ ಅಲ್ಲಿಗೆ ಬಸ್ಸಿನಲ್ಲಿ ಓಡಾಡಿದ. ಚೆಂಡನ್ನು ಯಾರಿಗೆ ಕೊಟ್ಟನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮೊನ್ನೆ ಅವನು ಬಂದಾಗ ನೀವು ಕೇಳಿದಿರಿ, "ಅಜ್ಜ, ನೀವು ಯಾಕೆ ದೊಡ್ಡ ಟೀಮಿನಲ್ಲಿ ಆಡಲಿಲ್ಲ?" ಎಂದು. ಅವನು ನಕ್ಕು, "ಎಡಗೈ ಸಾಲಲಿಲ್ಲ ಮಕ್ಕಳೇ" ಎಂದ. ನೀವೂ ನಕ್ಕಿರಿ. ನಾನು ಎದ್ದು ಅಡುಗೆಮನೆಗೆ ಹೋದೆ. ಇಷ್ಟು ವರ್ಷ ಅವನು ತನ್ನ ಕೈಯನ್ನೇ ದೂರಿಕೊಂಡು ಬದುಕಿದ್ದಾನೆ.

ಬರೆದಿಟ್ಟ ಈ ಕಾಗದವನ್ನು ಈಗಲೇ ನಿಮ್ಮ ಕೈಗೆ ಕೊಡುವುದಿಲ್ಲ. ಮೊದಲು ಅವನು ನನ್ನ ಬಾಯಿಂದ ಕೇಳಬೇಕು. ನಾಳೆ ಬೆಳಿಗ್ಗೆ ಬಜಗೋಳಿಗೆ ಹೋಗುತ್ತೇನೆ, ಒಬ್ಬಳೇ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ, ಅವನ ಸ್ವಭಾವವೇ ಹಾಗೆ. ನಡೆದದ್ದನ್ನು ಹೇಳುತ್ತೇನೆ. ಅವನು ಬೈಯಲಿ. ಎದ್ದು ಒಳಗೆ ಹೋದರೆ — ಹೋಗಲಿ. ಅವನು ಹೊರಗೆ ಬರುವವರೆಗೆ ನಾನು ಅಲ್ಲೇ ಕುಳಿತಿರುತ್ತೇನೆ.