ಬೇರೆ ಒಲೆ

ಅಮ್ಮ ಹೋದ ಮೇಲೆಯೇ ನಾನು ತಮ್ಮನ ಹೆಂಡತಿಯನ್ನು ಸರಿಯಾಗಿ ನೋಡಿದ್ದು. ಅಲ್ಲಿಯವರೆಗೆ ಅವಳು ಮನೆಯಲ್ಲಿ ಇದ್ದಳು, ಅಷ್ಟೆ. ಮನೆಗೆ ಅಮ್ಮ ಇದ್ದಳು, ಅಮ್ಮನ ಹಿಂದೆ ನಾನಿದ್ದೆ. ಮದುವೆಯಾಗದ ಮಗಳಿಗೆ ಅಷ್ಟು ಜಾಗ ಸಾಕಾಗಿತ್ತು.

ಸೂತಕದ ದಿನಗಳಲ್ಲಿ ಜಗಲಿಯಲ್ಲಿ ಗಂಡಸರು ಕೂತಿರುತ್ತಿದ್ದರು. ಒಂದು ದಿನ ಸಾವಿನ ಮಾತು ಮುಗಿದು ಗೃಹಲಕ್ಷ್ಮಿ ಹಣದ ಮಾತು ಬಂತು. ಟಿವಿಯಲ್ಲೂ ಅದೇ ಚರ್ಚೆ: ಎಲ್ಲ ಮನೆಯ ಯಜಮಾನಿಯರಿಗೂ ಕೊಡಬೇಕೋ, ಮಿತಿ ಹಾಕಬೇಕೋ.

"ಮಿತಿ ಹಾಕ್ಲೇಬೇಕು. ಹೀಂಗೆ ಹಂಚ್ತಾ ಹೋದ್ರೆ ಸರ್ಕಾರ ಮುಳುಗ್ತದೆ," ಎಂದ ಹೊನ್ನಾವರದಿಂದ ಬಂದಿದ್ದ ದೊಡ್ಡಪ್ಪನ ಮಗ. ಅವನು ನಿವೃತ್ತ ಗುಮಾಸ್ತ.

"ಮೊದ್ಲು ನಿನ್ನ ಪಿಂಚಣಿಗೆ ಮಿತಿ ಹಾಕ್ಲಾ?" ಎಂದರು ಅಮ್ಮನ ತಮ್ಮ, ನಮ್ಮ ಮಾವ. "ಮುಳುಗಿದ್ರೆ ನಾವು ದೋಣಿ ತರ್ತೇವೆ ಮಾರಾಯಾ, ಹೆದರ್ಬೇಡ."

ಎಲ್ಲರೂ ನಕ್ಕರು, ಸೂತಕದ ಮನೆಯೆಂದು ನೆನಪಾಗಿ ಸುಮ್ಮನಾದರು. ಆಮೇಲೆ ಮಾವ ಕೇಳಿದರು, "ಈ ಮನೆ ರೇಷನ್ ಕಾರ್ಡಲ್ಲಿ ನಮ್ಮಕ್ಕನೇ ಯಜಮಾನಿ. ಇನ್ಮೇಲೆ ಯಾರು?"

"ಇನ್ಯಾರು? ಇವ್ಳೇ," ಎಂದ ತಮ್ಮ, ಚಹಾ ತರುತ್ತಿದ್ದ ಹೆಂಡತಿಯ ಕಡೆ ಗದ್ದ ತೋರಿಸಿ.

ಅವಳು ಲೋಟಗಳನ್ನು ಇಟ್ಟು ಸೆರಗು ಸರಿಮಾಡಿಕೊಂಡಳು. ಆ ಸೆರಗು ನನ್ನ ಕಣ್ಣಲ್ಲಿ ಹಾಗೇ ಉಳಿದಿದೆ.

ಅಮ್ಮನ ಜೊತೆ ಸಮುದ್ರದ ಇಳಿತದ ಹೊತ್ತಿಗೆ ಅಘನಾಶಿನಿ ಹೊಳೆಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಬಳಚು ಹೆಕ್ಕಿದವಳು ನಾನು. ಆ ಚಿಪ್ಪುಮೀನು ಮಾರಿಯೇ ತಮ್ಮನನ್ನು ಓದಿಸಿದೆವು. ಕೊನೆಗೆ ಹಾಸಿಗೆ ಹಿಡಿದ ಅಮ್ಮನ ಮೈ ಒರೆಸಿದವಳೂ ನಾನೇ. ಹಣ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅಮ್ಮನ ಹೆಸರಿದ್ದ ಜಾಗದಲ್ಲಿ ಅವಳ ಹೆಸರು ಬರುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಮಾವನಿಗೆ ನನ್ನ ಮುಖ ನೋಡಿ ಗೊತ್ತಾಗಿರಬೇಕು. ಹೊರಡುವಾಗ ಮೆಲ್ಲಗೆ ಹೇಳಿದರು, "ನೋಡು, ಒಂದು ಕಾರ್ಡಿಗೆ ಒಬ್ಳೇ ಯಜಮಾನಿ. ನೀನು ಬೇರೆ ಒಲೆ ಹಾಕು. ಬೇರೆ ಒಲೆ ಇದ್ರೆ ಬೇರೆ ಕಾರ್ಡು, ಆತು."

ನಮ್ಮಲ್ಲಿ ಮನೆ ಎಣಿಸುವುದು ಒಲೆಯಿಂದ. ಒಂದೇ ಸೂರಿನಡಿ ಎರಡು ಒಲೆ ಉರಿದರೆ ಎರಡು ಮನೆ. ಸೂತಕ ಕಳೆದ ಮೇಲೆ ಹಿತ್ತಿಲ ಕಡೆಯ ಕೋಣೆಯಲ್ಲಿ ಒಲೆ ಹಾಕಿದೆ. ತಮ್ಮ ಸಿಟ್ಟಾಗಿ ಮಾತು ಬಿಟ್ಟ. ಅವಳು ಮಾತ್ರ ನನ್ನ ಪಾಲಿನ ಅಕ್ಕಿ ಅಳೆದು ತಂದಿಟ್ಟಳು. ಅವಳು ಕೆಟ್ಟವಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನನ್ನ ಹೊಸ ಕಾರ್ಡಿನ ವಿಚಾರಣೆಗೆ ಬಂದವರು "ಎಷ್ಟು ಒಲೆ?" ಎಂದು ಕೇಳಿದಾಗ ನನಗಿಂತ ಮೊದಲು ಅವಳೇ ಹೇಳಿದಳು, "ಎರಡು. ಅತ್ತಿಗೆದು ಬೇರೆ. ನಮ್ಮಲ್ಲಿ ಉಣ್ಣೂದಿಲ್ಲ."

ನನಗೆ ಒಳ್ಳೆಯದಾಗಲೆಂದೇ ಹೇಳಿದ್ದು. ಕಾರ್ಡು ಬಂತು. ಯಜಮಾನಿ ಎಂದು ನನ್ನ ಹೆಸರಿತ್ತು. ಅದರ ಕೆಳಗೆ ಬೇರೆ ಯಾರ ಹೆಸರೂ ಇರಲಿಲ್ಲ.

ಆಮೇಲೂ ಅವಳು ಆಗಾಗ ಊಟಕ್ಕೆ ಕರೆಯುತ್ತಿದ್ದಳು. ನಾನು ಹೋಗುತ್ತಿರಲಿಲ್ಲ, ಆದರೆ ಕರೆಯಲಿ ಎಂದು ಕಾಯುತ್ತಿದ್ದೆ. ಒಂದು ದಿನ ಕುಮಟಾ ಬಸ್ಸಿನಲ್ಲಿ ಒಬ್ಬರು ಜೋರಾಗಿ ಹೇಳುತ್ತಿದ್ದರು, "ಒಂದೇ ಮನೇಲಿ ಎರಡೆರಡು ಕಾರ್ಡು ಮಾಡ್ಕಂಡವ್ರದ್ದು ಮೊದ್ಲು ತೆಗೀಬೇಕು!" ಮನೆಗೆ ಬಂದು ಅದನ್ನು ಅವಳಿಗೆ ಹೇಳಿದೆ. ಅವಳಿಗೆ ಹೆದರಿಕೆಯಾಯಿತು. ಮರುದಿನದಿಂದ ಊಟದ ಕರೆ ನಿಂತಿತು.

ಮೊನ್ನೆ ಹಿತ್ತಿಲ ಕಿಟಕಿಯಲ್ಲಿ ಅವಳ ಕೈ ಕಂಡಿತು, ಕೈಯಲ್ಲಿ ಮುಚ್ಚಿದ ಬಟ್ಟಲು. "ಅತ್ತಿಗೇ, ಬೇಗ ಒಳಗಿಟ್ಕಳಿ. ಯಾರಾದ್ರೂ ಕಂಡ್ರೆ ಒಂದೇ ಒಲೆ ಅಂತಾರೆ."

ಬಳಚಿನ ಪಲ್ಯ. ಒಂದು ತುತ್ತು ತಿಂದೆ. ಅಮ್ಮನದೇ ರುಚಿ. ನನ್ನ ಕೈಗೆ ಅದು ಯಾವತ್ತೂ ಬಂದಿಲ್ಲ. ಕಾಲು ಸೋತ ಮೇಲೆ ಅಮ್ಮ ಮನೆಯಲ್ಲೇ ಇರುತ್ತಿದ್ದಳು, ನಾನೊಬ್ಬಳೇ ಹೊಳೆಗೆ ಹೋಗುತ್ತಿದ್ದೆ. ಆಗ ಒಲೆಯ ಪಕ್ಕ ಕೂತು ಇವಳಿಗೆ ಕಲಿಸಿದ್ದಾಳೆ. ಕಾರ್ಡಿನ ಹೆಸರಾದರೆ ನಾನೂ ಮಾಡಿಸಿಕೊಂಡೆ. ಇದನ್ನು ಎಲ್ಲಿ ಹೋಗಿ ಕೇಳಲಿ? ಪೂರ್ತಿ ತಿಂದೆ, ಅಳುತ್ತಲೇ ತಿಂದೆ.

ನೆರೆಮನೆಯವರ ಪಾತ್ರೆಯನ್ನು ನಾವು ಖಾಲಿ ಹಿಂದಿರುಗಿಸುವುದಿಲ್ಲ, ಏನಾದರೂ ಹಾಕಿಯೇ ಕೊಡುತ್ತೇವೆ. ಒಂದೇ ಮನೆಯೊಳಗೆ ಆ ಪದ್ಧತಿ ಇಲ್ಲ. ಬಟ್ಟಲು ತೊಳೆದು, ಅದರಲ್ಲಿ ಒಂದು ಬೆಲ್ಲದ ಚೂರು ಇಟ್ಟು ಕಿಟಕಿಯಲ್ಲಿ ಕೊಟ್ಟೆ.

ಅವಳು ಬೆಲ್ಲ ನೋಡಿದಳು, ನನ್ನನ್ನು ನೋಡಿದಳು. "ಇದೆಂತಕ್ಕೆ ಅತ್ತಿಗೇ?"

ಬೆಲ್ಲವನ್ನು ತೆಗೆದು ಕಿಟಕಿಯಲ್ಲಿ ನನ್ನ ಕಡೆಗೇ ಇಟ್ಟು, ಅವಳು ಖಾಲಿ ಬಟ್ಟಲು ಒಯ್ದಳು.