ಬರೀ ಶೇಂಗಾದ ಡಬ್ಬಿ

ಜತ್ತದ ಪೇಟೆಯಲ್ಲಿ ಬಾದಶಹಾನ ಅಂಗಡಿಗೆ ನಮ್ಮ ಮಲಕಾಜಪ್ಪನವರು ಪೀನಟ್ ಬಟರ್ ಕೊಳ್ಳಲು ಬಂದರೆಂದರೆ, ಉಳಿದ ಗಿರಾಕಿಗಳು ಮನೆಗೆ ಹೋಗಿ ಉಂಡು, ಒಂದು ನಿದ್ದೆ ತೆಗೆದು ಬಂದರೂ ನಡೆಯುತ್ತದೆ. ಹಲ್ಲು ಹೋದ ಮೇಲೆ ಅವರು ಶೇಂಗಾ ಕಡಿಯುವುದನ್ನು ಬಿಟ್ಟು ಈ ಶೇಂಗಾ ಬೆಣ್ಣೆಗೆ ಬಂದವರು. ಆದರೆ ಅದರಲ್ಲಿ ಶೇಂಗಾ ಹೊರತು ಬೇರೇನೂ ಇರಕೂಡದು. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿಗೇ ಹಚ್ಚಿ ಅವರು ಅದರ ಮೇಲಿನ ಚೀಟಿ ಓದುವ ರೀತಿಗೆ ಒಳಗಿನ ಎಣ್ಣೆ ಹೆದರಿ ಮೇಲಕ್ಕೆ ಬರುತ್ತದೆ. "ಇದರಾಗ ಸಕ್ಕರಿ, ಅದರಾಗ ಪಾಮ್ ಎಣ್ಣಿ. ಶೇಂಗಾ ಎಲ್ಲಿ ಓಡಿಹೋತೋ, ಬಾದಶಹಾ?" "ಓದೂದ ಯಾಕ್ರಿ ಯಜಮಾನ್ರ, ಒಂದ ಚಮಚಾ ತಿಂದ ನೋಡ್ರಲ್ಲ!" ಎಂದು ಬಾದಶಹಾ ಅಂದನೆಂದರೆ, ಅವರು ಅದನ್ನು ತಪ್ಪಿಸಿ ಮಳೆಯ ಮಾತು ತೆಗೆಯುತ್ತಾರೆ. ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಅದು ಮುಚ್ಚಂಡಿ ಊರಿನ ಹೊಲದ್ದೋ ಬಾಲಗಾಂವದ್ದೋ ಎಂದಷ್ಟೇ ಅಲ್ಲ, ಬಿತ್ತಿದವನು ಅಂದು ಹೆಂಡತಿಯೊಡನೆ ಜಗಳಾಡಿದ್ದನೋ ಇಲ್ಲವೋ ಎಂದೂ ಹೇಳುತ್ತಿದ್ದ ನಾಲಿಗೆ ಅವರದು. ದೊಡ್ಡ ಜ್ವರವೊಂದು ಬಂದು ಹೋದಾಗಿನಿಂದ ಅದಕ್ಕೆ ಉಪ್ಪೂ ಒಂದೇ, ಬೆಲ್ಲವೂ ಒಂದೇ. ಬೆರಕೆ ಹಿಡಿಯಲು ಈಗ ಉಳಿದದ್ದು ಕಣ್ಣು ಮಾತ್ರ. ಕಡೆಗೊಂದು ಡಬ್ಬಿ ಪಾಸಾದರೆ ಮನೆಗೆ ಒಯ್ದು, ತಮಗೊಂದು ಚಮಚ, ಹೆಂಡತಿ ಸಿದ್ದವ್ವನಿಗೊಂದು ಚಮಚ ತೆಗೆಯುತ್ತಾರೆ. "ಮೊದಲ ಹುರದ ವಾಸನಿ ಬರ್ತೈತ್ರಿ," ಎಂದು ಆಕೆ ಬಾಯಾಡಿಸುತ್ತ ಹೇಳುತ್ತಾಳೆ, "ಆಮ್ಯಾಲ ಸಣ್ಣಗ ಸಿಹಿ." ಮಲಕಾಜಪ್ಪನವರು ಕಣ್ಣು ಮುಚ್ಚಿ, ಬಾಯಲ್ಲಿದ್ದುದನ್ನು ನುಂಗದೆ ಹಾಗೇ ಹಿಡಿದುಕೊಂಡು, "ಇನ್ನೊಂಚೂರ ಹೇಳ," ಎನ್ನುತ್ತಾರೆ.