ಟ್ಯಾಂಕಿನ ಅಗಲ

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅಲ್ ಖೋರ್‌ನಿಂದ ಕಂಪನಿಯ ಬಸ್ಸು ಹೊರಟಿತು. ವಾರಕ್ಕೊಮ್ಮೆ ದೋಹಾಕ್ಕೆ ಸಾಮಾನು ತರಲು ಹೋಗುವವರ ಬಸ್ಸು ಅದು. ಟಿಕೆಟ್ ಇಲ್ಲ, ಮುಕ್ಕಾಲು ಗಂಟೆಯ ದಾರಿ. ಆಗಸ್ಟಿನ ಸೆಕೆಗೆ ಕಿಟಕಿಗಾಜಿನ ಹೊರಮೈಯಲ್ಲಿ ನೀರಿಳಿಯುತ್ತಿತ್ತು. ನಾನು ಹೊರಟದ್ದು ಸಾಮಾನಿಗಲ್ಲ. ಒಂದು ಟ್ಯಾಂಕನ್ನು ನೋಡಿ, ಅಬ್ಬು ಹಾಜಿಯವರ ಮಾತು ಸುಳ್ಳೆಂದು ತೋರಿಸಬೇಕಿತ್ತು.

ವಿಷಯ ಹದಿನಾರು ವರ್ಷ ಹಳೆಯದು. ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನಾನೂ ಮೊಯ್ದೀನನೂ ಅಲ್ಲಿ ಒಂದೇ ರೂಮಿನಲ್ಲಿದ್ದೆವು. ಬೆಳಿಗ್ಗೆ ಖುಬ್ಬೂಸ್ ರೊಟ್ಟಿ ತರಲು ಹೋದ ಮೊಯ್ದೀನ್ ಮತ್ತೆ ಬರಲಿಲ್ಲ. ನಮ್ಮ ಗಲ್ಲಿಗೆ ಬಂದ ಟ್ಯಾಂಕಿನಡಿ ಅವನು ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾರೆ ಪಕ್ಕದ ರೂಮಿನಲ್ಲಿದ್ದ ಹಾಜಿಯವರು. ಕಿಟಕಿಯಿಂದ ನಾನು ಕಂಡದ್ದು ಬೇರೆ: ಮೊಯ್ದೀನ್ ಗೋಡೆಗೆ ಬೆನ್ನು ಒತ್ತಿ ನಿಂತ, ಟ್ಯಾಂಕು ಅವನ ಮುಂದಿನಿಂದಲೇ ಹೋಯಿತು, ಅವನು ನಡೆದು ತಿರುವಿನಾಚೆ ಮರೆಯಾದ. ಈಗ ಊರಿನ ಜಮಾತಿನವರು ಹಾಜಿಯವರ ಸಾಕ್ಷಿ ನಂಬಿ, ಬರುವ ಶುಕ್ರವಾರ ಮೊಯ್ದೀನನ ಹೆಸರಿನಲ್ಲಿ ಸತ್ತವರ ಮಯ್ಯತ್ ನಮಾಜು ಮಾಡಲು ನಿಶ್ಚಯಿಸಿದ್ದರು. ದೇಹ ಸಿಗದವರಿಗೂ ಆ ನಮಾಜು ಮಾಡುವುದುಂಟು. ಅವನ ಹೆಂಡತಿ ಒಪ್ಪಿರಲಿಲ್ಲ. ಅವಳ ಕಡೆಗಿದ್ದ ಸಾಕ್ಷಿ ನಾನೊಬ್ಬನೇ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಎಲ್ಲರ ಸಾಕ್ಷಿಯನ್ನೂ ಅನುಮಾನಿಸಲು ಕಲಿತವನು ನಾನು, ಈಚೆಗೆ ನನ್ನದನ್ನೂ. ಹೇಳಿದಾಗಲೆಲ್ಲ ಮೊಯ್ದೀನನ ಅಂಗಿಯ ಬಣ್ಣ ಬದಲಾಗುತ್ತಿತ್ತು.

ಮೊಯ್ದೀನನ ತಮ್ಮ ಹನೀಫನಿಗೆ ದೋಹಾದ ನಜ್ಮಾದಲ್ಲಿ ಟೈಲರ್ ಅಂಗಡಿ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತ ಜೇಬಿನಿಂದ ಹಳೆಯ ಫೋಟೋ ತೆಗೆದ. ಕುವೈತಿನ ನಮ್ಮ ಗಲ್ಲಿಯ ನಡುವೆ ನಾನೂ ಮೊಯ್ದೀನನೂ ಹೆಗಲ ಮೇಲೆ ಕೈಹಾಕಿ ನಿಂತಿದ್ದೇವೆ. ಚಾಚಿದ ಹೊರಗೈಗಳು ಎರಡು ಬದಿಯ ಗೋಡೆಗಳನ್ನು ಮುಟ್ಟಿವೆ.

"ಶೆಟ್ರೇ, ಆಗ ನಿಮಗೆ ಕೂದಲು ಎಷ್ಟಿತ್ತು ನೋಡಿ."

"ಕೂದಲು ಬಿಡು ಮಾರಾಯ. ಟ್ಯಾಕ್ಸಿ ಕರಿ."

ಹನ್ನೆರಡು ರಿಯಾಲಿಗೆ ಟ್ಯಾಕ್ಸಿಯವನು ಸೇನಾ ಮ್ಯೂಸಿಯಮ್ಮಿನ ಗೇಟಿನಲ್ಲಿ ಇಳಿಸಿದ. ಬಾಗಿಲು ತೆರೆದದ್ದು ನಾಲ್ಕಕ್ಕೆ. ಅಂಗಳದ ತಗಡಿನ ಚಪ್ಪರದಡಿ ಮೂರು ಟ್ಯಾಂಕುಗಳು. ಹೊಸದಾಗಿ ಮರಳಿನ ಬಣ್ಣ ಬಳಿದಿದ್ದರು. ಗುಬ್ಬಿ ಗೂಡು ಕಟ್ಟದಿರಲೆಂದು ಫಿರಂಗಿಗಳ ಬಾಯಿಗೆ ಮರದ ಬಿರಡೆ. ಕೊನೆಯದು ಇರಾಕಿನಿಂದ ವಶಪಡಿಸಿಕೊಂಡದ್ದೆಂದು ಫಲಕ ಹೇಳುತ್ತಿತ್ತು. ಬದಿಗೆ ಐದು ಗಾಲಿ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹೆಚ್ಚು ಸಂದು. ಹಾಜಿಯವರೂ ನಾನೂ ಒಪ್ಪುತ್ತಿದ್ದ ಗುರುತು ಅದೊಂದೇ.

"ಬಾ, ಇದರ ಮುಂದೆ ಫೋಟೋದಲ್ಲಿ ನಿಂತ ಹಾಗೆ ನಿಲ್ಲುವ. ಅಣ್ಣನೂ ನಿನ್ನಷ್ಟೇ ಎತ್ತರ," ಎಂದೆ.

ಹೆಗಲು ಹಿಡಿದು ಹೊರಗೈ ಚಾಚಿದೆವು. ನೇಪಾಳಿ ಕಾವಲುಗಾರ ನಗುತ್ತ ಬಂದು ಕ್ಯಾಮೆರಾ ಕೇಳಿದ. "ಮಾಫಿ ಕ್ಯಾಮೆರಾ," ಇಲ್ಲವೆಂದು ಅರಬ್ಬಿಯಲ್ಲಿ ಹೇಳಿದ ಹನೀಫ್. ನನ್ನ ಬೆರಳ ತುದಿ ಕಬ್ಬಿಣದ ಪಟ್ಟಿಯ ಮಧ್ಯದವರೆಗಷ್ಟೇ ಹೋಯಿತು. ಆಚೆ ಹತ್ತಿರ ಹತ್ತಿರ ಒಂದು ಗೇಣು ಉಳಿಯಿತು. ಹನೀಫನ ಕಡೆಯೂ ಹಾಗೆಯೇ. ಅವನು ಟೇಪಿನಲ್ಲಿ ಎರಡು ಸಲ ಅಳೆದ. ಟ್ಯಾಂಕು ಗಲ್ಲಿಗಿಂತ ಹದಿನೈದು ಇಂಚು ಅಗಲ. ಅದು ಒಳಗೆ ನುಗ್ಗಿದ್ದರೆ ಗೋಡೆ ಒಡೆಯಬೇಕಿತ್ತು; ಅಲ್ಲಿನ ಗೋಡೆಗಳಿಗೆ ಒಂದು ಗೀರೂ ಆಗಿರಲಿಲ್ಲ. ಆ ದಿನದ ಮೇಲೂ ನಾನು ಮೂರು ವಾರ ಅಲ್ಲೇ ಇದ್ದವನು.

"ಹಾಗಾದ್ರೆ ಹಾಜಿ ಹೇಳಿದ್ದು ಲೊಟ್ಟೆ," ಎಂದ ಹನೀಫ್, ಖುಷಿಯಲ್ಲಿ. ಮರುಕ್ಷಣ ಟೇಪು ಸುತ್ತುತ್ತಿದ್ದ ಕೈ ನಿಂತಿತು. "ಗೋಡೆಗೆ ಒತ್ತಿ ನಿಂತದ್ದು, ಟ್ಯಾಂಕು ಮುಂದಿನಿಂದ ಹೋದದ್ದು... ಅದು ಎಲ್ಲಿ ಶೆಟ್ರೇ?"

"ಅದೂ ಆಗಿಲ್ಲ."

"ಮತ್ತೆ ನೀವು ನೋಡಿದ್ದು ಎಂತ?"

"ಖುಬ್ಬೂಸಿಗೆ ಅಂತ ಬಾಗಿಲು ದಾಟಿದ್ದು. ಆಮೇಲಿನದ್ದು ಗೊತ್ತಿಲ್ಲ."

ಹದಿನಾರು ವರ್ಷದಲ್ಲಿ ಈ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಹನೀಫ್ ಟ್ಯಾಂಕಿನ ನೆರಳಲ್ಲಿ ಕುಳಿತುಬಿಟ್ಟ. ಕಾವಲುಗಾರ ನೀರು ತಂದುಕೊಟ್ಟ.

ಆರೂವರೆಗೆ ನಜ್ಮಾದ ಬಸ್ ನಿಲ್ಲುವಲ್ಲಿಂದ ಹನೀಫ್ ಜಮಾತಿನ ಅಧ್ಯಕ್ಷರಿಗೆ ಫೋನು ಮಾಡಿದ. ನಮಾಜು ನಿಲ್ಲಿಸಿ, ಸತ್ತದ್ದಕ್ಕೆ ಸಾಕ್ಷಿ ಇಲ್ಲ ಎಂದ. ಆಚೆಯಿಂದ ಗದರುವ ದನಿ ನನಗೂ ಕೇಳಿಸಿತು. ಫೋನಿಗೆ ಅಂಗೈ ಅಡ್ಡ ಹಿಡಿದು ಹನೀಫ್ ನನ್ನತ್ತ ತಿರುಗಿದ.

"ಹಜ್ ಮಾಡಿ ಬಂದವರನ್ನು ಸುಳ್ಳ ಅನ್ನಲಿಕ್ಕೆ ನೀನು ಯಾರು ಅಂತ ಕೇಳ್ತಾರೆ. ಎಂತ ಹೇಳಲಿ?"

"ನನ್ನ ಹೆಸರು ಹೇಳು. ಮೊದಲು ನನ್ನದು ಸುಳ್ಳು ಅಂತ ಹೇಳು, ಆಮೇಲೆ ಹಾಜಿಯವರದ್ದು."

ಅವನು ಫೋನನ್ನೇ ನನ್ನ ಕೈಗಿತ್ತ. ಹೆಸರು ಹೇಳಿ, ತುಳುವಿನಲ್ಲಿ ಮೊದಲಿನಿಂದ ಶುರುಮಾಡಿದೆ. ಅಲ್ ಖೋರ್ ಬಸ್ಸು ಬಂತು, ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ನಾನು ಫೋನು ಇಡಲಿಲ್ಲ.